ಟವರ್ ಎದ್ದ ಮೇಲಿನ ಕೆಲಸ

2010ರ ಜುಲೈ 2ರಂದು ಆ್ಯಪಲ್ ಕಂಪನಿ ತನ್ನ ಗ್ರಾಹಕರಿಗೆ ಒಂದು ಬಹಿರಂಗ ಪತ್ರ ಬರೆಯಿತು. ಆಗಷ್ಟೇ ಮಾರುಕಟ್ಟೆಗೆ ಬಂದಿದ್ದ ಐಫೋನ್ 4 ಅನ್ನು ಒಂದು ಬಗೆಯಲ್ಲಿ ಹಿಡಿದರೆ ಸಿಗ್ನಲ್ ಕಡ್ಡಿಗಳು ದಿಢೀರನೆ ಇಳಿಯುತ್ತವೆ ಎಂಬ ದೂರು ಜಗತ್ತಿನಾದ್ಯಂತ ಎದ್ದಿತ್ತು. ಪರೀಕ್ಷಿಸಲು ಕುಳಿತವರಿಗೆ ಸಿಕ್ಕಿದ್ದು ಬೇರೆಯೇ ಸಂಗತಿ. ಎಷ್ಟು ಸಿಗ್ನಲ್‌ಗೆ ಎಷ್ಟು ಕಡ್ಡಿ ತೋರಿಸಬೇಕು ಎಂಬ ಲೆಕ್ಕದ ಸೂತ್ರವೇ ತಪ್ಪಾಗಿತ್ತು. ಎರಡು ಕಡ್ಡಿ ಕಾಣಬೇಕಾದ ಕಡೆ ನಾಲ್ಕು ಕಾಣುತ್ತಿದ್ದವು. ಆ್ಯಂಟೆನಾದ ವಿವಾದ ಅಲ್ಲಿಗೆ ಮುಗಿಯಲಿಲ್ಲವಾದರೂ ಒಂದು ಮಾತು ಸ್ಪಷ್ಟವಾಯಿತು: ಕುಸಿದಂತೆ ಕಂಡ ಎಷ್ಟೋ ಕಡೆ ಸಿಗ್ನಲ್ ಮೊದಲಿನಿಂದಲೂ ಹೆಚ್ಚಿರಲಿಲ್ಲ.

ಫೋನಿನ ಮೂಲೆಯಲ್ಲಿ ಏರಿಳಿಯುವ ಈ ಕಡ್ಡಿಗಳಿಗೆ ಎಲ್ಲ ಕಂಪನಿಗಳೂ ಒಪ್ಪಿದ ಅಳತೆ ಇಂದಿಗೂ ಇಲ್ಲ. ಆಂಡ್ರಾಯ್ಡ್‌ನ ಮೂಲ ಸಂಕೇತ (ಸೋರ್ಸ್ ಕೋಡ್) ಯಾರು ಬೇಕಾದರೂ ಓದಬಹುದಾದದ್ದು. ಅದರಲ್ಲಿ 4ಜಿ ಕಡ್ಡಿಗಳಿಗೆಂದು ಎಳೆದಿರುವ ಗೆರೆಗಳು -128, -118, -108 ಮತ್ತು -98 ಡಿಬಿಎಂ. ಸೇವೆ ಕೊಡುವ ಕಂಪನಿ ಬಯಸಿದರೆ ಈ ಗೆರೆಗಳನ್ನು ಸರಿಸಬಹುದು. ಇರುವುದಕ್ಕಿಂತ ಒಂದು ಕಡ್ಡಿ ಹೆಚ್ಚು ತೋರಿಸುವ ಸೌಲಭ್ಯಕ್ಕೂ ಆ ಸಂಕೇತದಲ್ಲಿ ಜಾಗವಿದೆ. ಹೀಗಾಗಿ ಒಂದೇ ಜಗಲಿಯ ಮೇಲೆ ಕುಳಿತ ಇಬ್ಬರ ಫೋನುಗಳಲ್ಲಿ ಒಂದಕ್ಕೆ ನಾಲ್ಕು ಕಡ್ಡಿ, ಇನ್ನೊಂದಕ್ಕೆ ಎರಡು ಕಡ್ಡಿ ಇದ್ದರೆ ಗಾಳಿಯಲ್ಲಿರುವ ಸಿಗ್ನಲ್ ಬೇರೆಬೇರೆ ಎಂದು ಅರ್ಥವಲ್ಲ.

ಎಂಜಿನಿಯರುಗಳು ಕಡ್ಡಿಗಳನ್ನು ನೋಡುವುದಿಲ್ಲ. ಅವರು ನೋಡುವುದು ಡಿಬಿಎಂ ಅಂಕಿಯನ್ನು. ಸೊನ್ನೆ ಡಿಬಿಎಂ ಎಂದರೆ ಒಂದು ಮಿಲಿವ್ಯಾಟ್ ಶಕ್ತಿ. ಅಲ್ಲಿಂದ ಮೂರು ಏರಿದರೆ ಶಕ್ತಿ ಎರಡು ಪಟ್ಟು, ಹತ್ತು ಏರಿದರೆ ಹತ್ತು ಪಟ್ಟು, ಇಪ್ಪತ್ತು ಏರಿದರೆ ನೂರು ಪಟ್ಟು. ಇಳಿಯುವಾಗಲೂ ಇದೇ ಲೆಕ್ಕ. ಟವರಿನ ಮೇಲಿನ ಒಂದು ರೇಡಿಯೊ 46 ಡಿಬಿಎಂ, ಅಂದರೆ ಸುಮಾರು 40 ವ್ಯಾಟ್ ಹೊರಹಾಕುತ್ತದೆ. ಅದು ಫೋನ್ ತಲುಪುವ ಹೊತ್ತಿಗೆ -100 ಡಿಬಿಎಂ ಆಗಿರುವುದು ಮಾಮೂಲು. ಒಂದು ಮಿಲಿವ್ಯಾಟ್ ಅನ್ನು ಸಾವಿರ ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು! ಅಷ್ಟರಿಂದಲೇ ಮಾತು, ಹಾಡು, ಸಿನಿಮಾ ಎಲ್ಲವೂ ಹೊರಬರುತ್ತವೆ ಎಂಬುದು ಈ ತಂತ್ರಜ್ಞಾನದ ನಿಜವಾದ ಸೋಜಿಗ.

ಇಲ್ಲೊಂದು ಸೂಕ್ಷ್ಮವಿದೆ, ಬಲ್ಲವರೂ ಕೆಲವೊಮ್ಮೆ ಎಡವುವಂಥದ್ದು. 4ಜಿಯ 20 ಮೆಗಾಹರ್ಟ್ಸ್ ಅಗಲದ ಒಂದು ಸಿಗ್ನಲ್ಲಿನಲ್ಲಿ 1,200 ಉಪತರಂಗಗಳು ಇರುತ್ತವೆ. ಫೋನ್ ತೋರಿಸುವ 4ಜಿ ಅಂಕಿ ಅವುಗಳಲ್ಲಿ ಒಂದೇ ಒಂದರ ಬಲ. 40 ವ್ಯಾಟ್ ಅನ್ನು 1,200ರಿಂದ ಭಾಗಿಸಿದರೆ ಒಂದಕ್ಕೆ ಬರುವುದು 33 ಮಿಲಿವ್ಯಾಟ್, ಅಂದರೆ 15 ಡಿಬಿಎಂ ಆಸುಪಾಸು. ಆದ್ದರಿಂದ ವೈಫೈ ಅಥವಾ ಹಳೆಯ 2ಜಿಯ -85ನ್ನೂ 4ಜಿಯ -85ನ್ನೂ ಪಕ್ಕಪಕ್ಕ ಇಟ್ಟು ತೂಗುವಂತಿಲ್ಲ. ಒರಟಾಗಿ ಹೇಳುವುದಾದರೆ 4ಜಿಯಲ್ಲಿ -80ಕ್ಕಿಂತ ಮೇಲಿದ್ದರೆ ಬಲು ಚೆನ್ನ, -95ರವರೆಗೆ ಚೆನ್ನ, -105 ದಾಟಿದರೆ ಮನೆಯೊಳಗೆ ಕಷ್ಟ, -120ರ ಹತ್ತಿರ ಬಂದರೆ ಸಿಕ್ಕೀತೋ ಇಲ್ಲವೋ ಎಂಬ ಸ್ಥಿತಿ.

ಈ ಅಂಕಿ ಯಾವ ಊರಿನಲ್ಲಿ ಎಷ್ಟಿರಬೇಕು ಎಂಬುದನ್ನು ತೀರ್ಮಾನಿಸುವುದು ಟವರಿನ ಎತ್ತರವೊಂದೇ ಅಲ್ಲ. ಕಬ್ಬಿಣದ ಗೋಪುರ ನಿಂತು, ಪೆಟ್ಟಿಗೆಗಳು ಬಂದು, ಕರೆಂಟು ಹರಿದ ಮೇಲೆ ಶುರುವಾಗುವ ಕೆಲಸವೊಂದಿದೆ. ಆ ಸೈಟಿನ ಸೆಟ್ಟಿಂಗ್‌ಗಳನ್ನು ಆ ನೆಲಕ್ಕೆ ತಕ್ಕಂತೆ ಕೂರಿಸುವುದು. ಸರ್ಕಾರದ ಪ್ರಕಟಣೆಗಳಲ್ಲಿ ಟವರುಗಳ ಸಂಖ್ಯೆ ಬರುತ್ತದೆ, ಈ ಕೆಲಸದ ಮಾತು ಬರುವುದಿಲ್ಲ. ಜನ ಅನುಭವಿಸುವ ನೆಟ್‌ವರ್ಕ್ ಮಾತ್ರ ಇದರ ಮೇಲೆಯೇ ನಿಂತಿದೆ.

ಮೊದಲು ಬರುವುದು ದಿಕ್ಕು. ಸಾಮಾನ್ಯ ಟವರಿನ ಮೇಲೆ ಮೂರು ಕಡೆಗೆ ಮುಖ ಮಾಡಿದ ಮೂರು ಗುಂಪಿನ ಆ್ಯಂಟೆನಾಗಳಿರುತ್ತವೆ. ಒಂದೊಂದಕ್ಕೂ ಸೆಕ್ಟರ್ ಎಂದು ಹೆಸರು. ಉತ್ತರದಿಂದ ಅಳೆದ ಕೋನಕ್ಕೆ ಅಜಿಮತ್ ಎನ್ನುತ್ತಾರೆ. 0, 120, 240 ಡಿಗ್ರಿ ಎಂಬುದು ಪುಸ್ತಕದ ಲೆಕ್ಕ. ಹಾಸನ, ತುಮಕೂರಿನ ಬಯಲಿನಲ್ಲಿ ಅದು ನಡೆದೀತು. ಮಲೆನಾಡಿನಲ್ಲಿ ಒಂದು ಮುಖ ಗುಡ್ಡದ ಕಲ್ಲಿಗೆ ಬಡಿಯುತ್ತಿದ್ದರೆ ಆ ಸೆಕ್ಟರ್ ಪೂರ್ತಿ ವ್ಯರ್ಥ. ಅಂಥ ಕಡೆ ಪುಸ್ತಕ ಬದಿಗಿಟ್ಟು ಮನೆಗಳಿರುವ ಕಣಿವೆಯ ಕಡೆಗೆ, ರಸ್ತೆಯ ತಿರುವಿನ ಕಡೆಗೆ ತಿರುಗಿಸಬೇಕು. ಟವರ್ ಏರುವ ರಿಗ್ಗರ್‌ಗಳಿಗೆ ಇನ್ನೊಂದು ಪಾಠವನ್ನು ಮೊದಲೇ ಹೇಳಿಕೊಡುತ್ತಾರೆ: ದಿಕ್ಸೂಚಿಯನ್ನು ಟವರಿಗೆ ತಾಗಿಸಿ ಹಿಡಿದು ಓದಬಾರದು, ಉಕ್ಕಿನ ರಾಶಿ ಮುಳ್ಳನ್ನು ಎಳೆಯುತ್ತದೆ, ದೂರ ನಿಂತು ಅಳೆಯಬೇಕು.

ಆಮೇಲೆ ಟಿಲ್ಟ್, ಅಂದರೆ ಆ್ಯಂಟೆನಾವನ್ನು ಎಷ್ಟು ಬಾಗಿಸಬೇಕು ಎಂಬುದು. ಇಡೀ ವಿದ್ಯೆಯ ಜೀವಾಳ ಇಲ್ಲಿದೆ. ಸೆಕ್ಟರ್ ಆ್ಯಂಟೆನಾದ ಕಿರಣ ಅಡ್ಡಲಾಗಿ ಸುಮಾರು 65 ಡಿಗ್ರಿ ಹರಡುತ್ತದೆ, ಮೇಲೆ ಕೆಳಗೆ ಮಾತ್ರ ಆರೇಳು ಡಿಗ್ರಿ. ಮೂವತ್ತು ಮೀಟರ್ ಎತ್ತರದಿಂದ ಅದನ್ನು 6 ಡಿಗ್ರಿ ಬಾಗಿಸಿದರೆ ಕಿರಣದ ನಡುಭಾಗ ಸಮತಟ್ಟು ನೆಲವನ್ನು ಮುಟ್ಟುವುದು ಸುಮಾರು 285 ಮೀಟರ್ ದೂರದಲ್ಲಿ. ಎರಡೇ ಡಿಗ್ರಿ ಬಾಗಿಸಿದರೆ 860 ಮೀಟರ್ ದೂರದಲ್ಲಿ. ನಾಲ್ಕು ಡಿಗ್ರಿಯಲ್ಲಿ ಒಂದು ಬಡಾವಣೆಯ ಹಣೆಬರಹವೇ ಬದಲಾಗುತ್ತದೆ. ಅಡಿಕೆ ತೋಟದ ಸ್ಪ್ರಿಂಕ್ಲರ್ ಮೂತಿಯನ್ನು ಹೆಚ್ಚು ಮೇಲೆತ್ತಿದರೆ ನೀರು ಹತ್ತಿರದ ಗಿಡಗಳ ತಲೆಯ ಮೇಲೆ ಹಾದು ಪಕ್ಕದವರ ತೋಟಕ್ಕೆ ಬಿದ್ದಂತೆ ಇದು. ಟವರಿನ ಬುಡದಲ್ಲೇ ಮನೆಯಿದ್ದೂ ಸಿಗ್ನಲ್ ಸಪ್ಪಗಿರುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಆ ಕಡೆ ಪಕ್ಕದ ಟವರಿನ ಅಂಗಳದಲ್ಲಿ ಬಿದ್ದ ಈ ಸಿಗ್ನಲ್ ಅಲ್ಲಿಯವರ ಪಾಲಿಗೆ ಬರೀ ಗದ್ದಲ.

ಮೊದಲೆಲ್ಲ ಟಿಲ್ಟ್ ಬದಲಿಸಲು ಒಬ್ಬರು ಮೇಲೇರಿ ಬೋಲ್ಟ್ ಸಡಿಲಿಸಬೇಕಿತ್ತು. ಈಗ ಆ್ಯಂಟೆನಾದೊಳಗಿನ ಪುಟ್ಟ ಮೋಟಾರು ಕಿರಣವನ್ನು ಬಾಗಿಸುತ್ತದೆ. ಬೆಂಗಳೂರಿನ ಕಚೇರಿಯಲ್ಲಿ ಕುಳಿತೇ ಬೀದರಿನ ಆ್ಯಂಟೆನಾವನ್ನು ಒಂದು ಡಿಗ್ರಿ ಇಳಿಸಬಹುದು. ಅನುಕೂಲವೇನೋ ಹೌದು, ಆದರೆ ಕಚೇರಿಯ ಪರದೆಯಲ್ಲಿ ಬೀದರಿನ ಆ ಓಣಿ ಕಾಣುವುದಿಲ್ಲ ಎಂಬುದನ್ನೂ ನೆನಪಿಡಬೇಕು.

ಹಾಗಾದರೆ ಟವರಿನ ಶಕ್ತಿಯನ್ನೇ ಹೆಚ್ಚಿಸಿದರೆ ಆಗದೇ? ಹಳ್ಳಿಯಲ್ಲೂ ನಗರದಲ್ಲೂ ಜನ ಮೊದಲು ಕೇಳುವ ಪ್ರಶ್ನೆ ಇದು. ಎರಡು ಕಾರಣಕ್ಕೆ ಆಗುವುದಿಲ್ಲ.

ಒಂದು, ಮಾತುಕತೆ ಎರಡೂ ಕಡೆಯಿಂದ ನಡೆಯಬೇಕು. ಟವರಿನದು 46 ಡಿಬಿಎಂ ಆದರೆ ಫೋನಿನ ಗರಿಷ್ಠ ಶಕ್ತಿ ಸಾಮಾನ್ಯವಾಗಿ 23 ಡಿಬಿಎಂ, ಅಂದರೆ 200 ಮಿಲಿವ್ಯಾಟ್. ಟವರಿಗಿಂತ 200 ಪಟ್ಟು ಕಡಿಮೆ. ಟವರಿನಲ್ಲಿ ಸೂಕ್ಷ್ಮವಾಗಿ ಕೇಳಿಸಿಕೊಳ್ಳುವ ಒಳ್ಳೆಯ ಸಾಧನಗಳಿರುವುದರಿಂದ ಈ ಅಂತರ ಒಂದಿಷ್ಟು ತುಂಬುತ್ತದೆ. ಆದರೂ ಊರಾಚೆಯ ಮನೆಯಲ್ಲಿ ಕಡ್ಡಿ ಎರಡು ಕಾಣುತ್ತಿದ್ದು, ಅತ್ತ ಕಡೆಯವರ ಮಾತು ಕೇಳುತ್ತಿದ್ದು, ಇತ್ತ ಕಡೆಯವರ ಮಾತು ಮಾತ್ರ ಕಡಿದುಹೋಗುತ್ತಿದ್ದರೆ ತೊಂದರೆ ಇರುವುದು ಇಲ್ಲಿಂದ ಹೋಗುವ ದಾರಿಯಲ್ಲಿ. ಕಡ್ಡಿಗಳು ಆ ದಾರಿಯನ್ನು ತೋರಿಸುವುದೇ ಇಲ್ಲ. ಟವರ್ ಇನ್ನಷ್ಟು ಜೋರಾಗಿ ಕೂಗಿದರೆ ಫೋನಿನ ದನಿ ದೊಡ್ಡದಾಗುವುದಿಲ್ಲವಲ್ಲ.

ಎರಡನೆಯದು ಮೊಬೈಲ್ ಎಂಬ ಕಲ್ಪನೆಯ ಹುಟ್ಟಿನಲ್ಲೇ ಇದೆ. 1947ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಡಿ. ಎಚ್. ರಿಂಗ್ ಒಂದು ಒಳಟಿಪ್ಪಣಿ ಬರೆದರು. ಊರಿಗೊಂದು ಭಾರೀ ಶಕ್ತಿಯ ಪ್ರಸಾರಕವನ್ನು ನಿಲ್ಲಿಸುವ ಬದಲು ಪ್ರದೇಶವನ್ನು ಸಣ್ಣ ಸಣ್ಣ ಕೋಶಗಳಾಗಿ ಒಡೆದು, ಒಂದು ಕೋಶದಲ್ಲಿ ಬಳಸಿದ ತರಂಗಾಂತರವನ್ನೇ ಸ್ವಲ್ಪ ದೂರದ ಇನ್ನೊಂದು ಕೋಶದಲ್ಲೂ ಬಳಸಬಹುದು ಎಂಬುದು ಅದರ ತಿರುಳು. ಸೆಲ್ ಫೋನಿನ ಸೆಲ್ ಅದೇ ಕೋಶ. ಒಬ್ಬರ ದನಿ ಇನ್ನೊಬ್ಬರ ಕೋಶಕ್ಕೆ ನುಗ್ಗದಂತೆ ಶಕ್ತಿಯನ್ನು ಹಿಡಿತದಲ್ಲಿಟ್ಟರೆ ಮಾತ್ರ ಈ ಲೆಕ್ಕ ನಡೆಯುತ್ತದೆ. 4ಜಿಯಲ್ಲಂತೂ ಒಂದು ಕಂಪನಿಯ ಅಕ್ಕಪಕ್ಕದ ಟವರುಗಳು ಸಾಮಾನ್ಯವಾಗಿ ಒಂದೇ ತರಂಗಾಂತರದಲ್ಲಿ ಕೆಲಸ ಮಾಡುತ್ತವೆ. ಅಲ್ಲಿ ಸಂಯಮ ಇನ್ನೂ ಮುಖ್ಯ.

ಬೆಂಗಳೂರಿನ ಹದಿನೆಂಟನೆಯ ಮಹಡಿಯ ಮನೆಗಳಲ್ಲಿ ಇದರ ಫಲ ಚೆನ್ನಾಗಿ ಕಾಣುತ್ತದೆ. ಕಿಟಕಿಯ ಬಳಿ ಸಿಗ್ನಲ್ ತುಂಬಿ ತುಳುಕುತ್ತಿರುತ್ತದೆ, ಕರೆ ಮಾತ್ರ ನಿಲ್ಲುವುದಿಲ್ಲ. ಅಷ್ಟು ಎತ್ತರಕ್ಕೆ ಹತ್ತಾರು ಟವರುಗಳು ನೇರವಾಗಿ ಕಾಣುತ್ತವೆ, ಎಲ್ಲವೂ ಹೆಚ್ಚುಕಡಿಮೆ ಒಂದೇ ಬಲದಲ್ಲಿ ಕೇಳುತ್ತವೆ. ಫೋನಿಗೆ ಯಾವುದನ್ನು ಹಿಡಿಯಲಿ ಎಂಬ ಗೊಂದಲ. ಸಿಗ್ನಲ್ಲಿನ ಬಲಕ್ಕೂ ಅದರ ಸುತ್ತಲಿನ ಗದ್ದಲಕ್ಕೂ ಇರುವ ಅನುಪಾತವನ್ನು ಎಂಜಿನಿಯರುಗಳು ಸೈನರ್ ಎಂದು ಅಳೆಯುತ್ತಾರೆ. ಅದು 20 ಡಿಬಿ ಇದ್ದರೆ ಡೇಟಾ ಹರಿಯುತ್ತದೆ. ಸೊನ್ನೆಗೆ ಬಂದರೆ ಸಿಗ್ನಲ್ಲೂ ಗದ್ದಲವೂ ಸಮಸಮ. -75 ಡಿಬಿಎಂ ಇದ್ದೂ ಸೈನರ್ ಸೊನ್ನೆಯಾಗಿರುವ ಕೋಣೆಗಿಂತ -100 ಇದ್ದು ಸೈನರ್ 15 ಇರುವ ಹಳ್ಳಿಯ ಅಂಗಳವೇ ವಾಸಿ. ಇಂಥ ಕಡೆ ಪರಿಹಾರ ಸಿಗ್ನಲ್ ಹೆಚ್ಚಿಸುವುದರಲ್ಲಿಲ್ಲ. ಸುತ್ತಲಿನ ಕೆಲವು ಟವರುಗಳ ಆ್ಯಂಟೆನಾಗಳನ್ನು ಇನ್ನಷ್ಟು ಕೆಳಕ್ಕೆ ಬಾಗಿಸಬೇಕು, ಶಕ್ತಿ ತಗ್ಗಿಸಬೇಕು, ಕಟ್ಟಡದ ಒಳಗೇ ಸಣ್ಣ ಆ್ಯಂಟೆನಾಗಳನ್ನು ಹಾಕಬೇಕು.

ಸೈಟಿನ ಸೆಟ್ಟಿಂಗ್‌ಗಳಲ್ಲಿ ಕಣ್ಣಿಗೆ ಕಾಣದವು ಇನ್ನೂ ಹಲವಿವೆ. ಪ್ರತಿ 4ಜಿ ಸೆಕ್ಟರಿಗೂ ಒಂದು ಗುರುತಿನ ಸಂಖ್ಯೆ ಕೊಡಬೇಕು. ಇರುವುದು ಒಟ್ಟು 504 ಸಂಖ್ಯೆಗಳು, 5ಜಿಯಲ್ಲಿ 1,008. ದೇಶದಲ್ಲಿ ಸೆಕ್ಟರುಗಳು ಲಕ್ಷಗಟ್ಟಲೆ, ಆದ್ದರಿಂದ ಅವೇ ಸಂಖ್ಯೆಗಳನ್ನು ಮತ್ತೆ ಮತ್ತೆ ಹಂಚಬೇಕಾಗುತ್ತದೆ. ಹತ್ತಿರದ ಎರಡು ಸೆಕ್ಟರುಗಳಿಗೆ ಒಂದೇ ಸಂಖ್ಯೆ ಬಿದ್ದರೆ ಫೋನಿಗೆ ಯಾರು ಯಾರೆಂದು ತಿಳಿಯುವುದಿಲ್ಲ, ಕರೆ ಕಡಿಯುತ್ತದೆ. ಇನ್ನು ಒಂದು ಟವರಿನಿಂದ ಇನ್ನೊಂದಕ್ಕೆ ಫೋನನ್ನು ದಾಟಿಸುವ ಹ್ಯಾಂಡೋವರ್. ಪಕ್ಕದ ಟವರು ಈಗಿನದಕ್ಕಿಂತ 3 ಡಿಬಿ ಹೆಚ್ಚು ಬಲವಾಗಿ, 320 ಮಿಲಿಸೆಕೆಂಡ್ ಕಾಲ ಕೇಳಿಸಿದರೆ ದಾಟಿಸು ಎಂಬಂಥ ನಿಯಮವನ್ನು ಸೈಟಿನಲ್ಲಿ ಬರೆದಿಡುತ್ತಾರೆ. ಈ ಅವಧಿ ತೀರಾ ಕಡಿಮೆಯಾದರೆ ಫೋನು ಎರಡು ಟವರುಗಳ ನಡುವೆ ಚೆಂಡಿನಂತಾಗುತ್ತದೆ, ತೀರಾ ಹೆಚ್ಚಾದರೆ ದಾಟುವ ಮೊದಲೇ ಹಳೆಯ ಸಿಗ್ನಲ್ ಸತ್ತಿರುತ್ತದೆ. ಗಂಟೆಗೆ ನೂರು ಕಿಲೋಮೀಟರ್ ವೇಗದ ರೈಲು ಒಂದು ಸೆಕೆಂಡಿಗೆ 28 ಮೀಟರ್ ಸಾಗುತ್ತದೆ. ಸಂತೆ ಬೀದಿಗೆ ಒಪ್ಪುವ ಅಂಕಿ ರೈಲು ಹಳಿಯ ಪಕ್ಕದ ಟವರಿಗೆ ಒಪ್ಪುವುದಿಲ್ಲ.

ದೂರದ ಮಿತಿಯೂ ಒಂದು ಸೆಟ್ಟಿಂಗೇ. ಹಳೆಯ 2ಜಿಯಲ್ಲಿ ಫೋನಿನ ದನಿ ತನ್ನ ಸರದಿಯ ಹೊತ್ತಿಗೆ ಸರಿಯಾಗಿ ಟವರನ್ನು ತಲುಪಲು ದೂರಕ್ಕೆ ತಕ್ಕಂತೆ ಮುಂಚಿತವಾಗಿ ಹೊರಡಬೇಕು. ಆ ಹೊಂದಾಣಿಕೆಯ ಹೆಜ್ಜೆ ಒಂದಕ್ಕೆ ಸುಮಾರು 550 ಮೀಟರ್, ಸಾಮಾನ್ಯ ವ್ಯವಸ್ಥೆಯಲ್ಲಿ ಗರಿಷ್ಠ 63 ಹೆಜ್ಜೆ. ಅಲ್ಲಿಗೆ 35 ಕಿಲೋಮೀಟರ್ ಮುಗಿಯಿತು. ಮಲ್ಪೆಯಿಂದಲೋ ಕಾರವಾರದಿಂದಲೋ ಹೊರಟ ದೋಣಿಗೆ ಬಯಲು ಸಮುದ್ರದಲ್ಲಿ ಸಿಗ್ನಲ್ ಇನ್ನೂ ಕೇಳುತ್ತಿದ್ದರೂ ಆ ಗೆರೆಯಾಚೆ ಕರೆ ಹೋಗುವಂತಿಲ್ಲ, ಆ ಸೈಟಿಗೆ ವಿಸ್ತೃತ ವ್ಯಾಪ್ತಿಯ ಸೆಟ್ಟಿಂಗ್ ಕೊಟ್ಟಿದ್ದರೆ ಹೊರತು. 4ಜಿಯಲ್ಲೂ ಹೀಗೆಯೇ ಸೆಲ್ಲಿನ ತ್ರಿಜ್ಯವನ್ನು ಮೊದಲೇ ನಮೂದಿಸಬೇಕು. ಐದು ಕಿಲೋಮೀಟರ್ ಎಂದು ಬರೆದ ಟವರು ಎಂಟು ಕಿಲೋಮೀಟರ್ ದೂರದ ಘಟ್ಟದ ನೆತ್ತಿಯ ಮನೆಗೆ ನೇರವಾಗಿ ಕಂಡರೆ ಅಲ್ಲಿನ ಫೋನಿನಲ್ಲಿ ಕಡ್ಡಿ ಇರುತ್ತದೆ, ಕರೆ ಮಾತ್ರ ಸೇರುವುದಿಲ್ಲ. ಯಾವ ಯಂತ್ರವೂ ಕೆಟ್ಟಿರುವುದಿಲ್ಲ. ಒಂದು ಅಂಕಿ ಆ ಜಾಗಕ್ಕೆ ಹೊಂದಿರುವುದಿಲ್ಲ, ಅಷ್ಟೇ.

ಮಲೆನಾಡಿನ ಮಳೆಗಾಲಕ್ಕೆ ಬೇರೆಯೇ ಲೆಕ್ಕ. ಫೈಬರ್ ತಲುಪದ ಟವರುಗಳು ಬಿಳಿಯ ದುಂಡು ಡಬರಿ ಆ್ಯಂಟೆನಾಗಳ ಮೂಲಕ ಮೈಕ್ರೋವೇವ್ ಕೊಂಡಿಯಿಂದ ಮುಂದಿನ ಟವರಿಗೆ ಜೋಡಣೆಯಾಗಿರುತ್ತವೆ. ಫೋನ್ ಬಳಸುವ 700 ಅಥವಾ 900 ಮೆಗಾಹರ್ಟ್ಸ್ ತರಂಗಗಳಿಗೆ ಮಳೆ ಹೆಚ್ಚೇನೂ ಮಾಡುವುದಿಲ್ಲ. 15 ಗಿಗಾಹರ್ಟ್ಸ್‌ಗೂ ಮೇಲಿನ ಮೈಕ್ರೋವೇವ್ ಕೊಂಡಿಯನ್ನು ಮಾತ್ರ ಜಡಿಮಳೆ ನುಂಗುತ್ತದೆ. ಆಗುಂಬೆಯ ಸುತ್ತ ಸುರಿಯುವಂಥ ಮಳೆಯಲ್ಲಿ ಫೋನಿನಲ್ಲಿ ಕಡ್ಡಿ ಪೂರ್ತಿ ಇದ್ದೂ ಇಂಟರ್ನೆಟ್ ಸತ್ತಂತಿರುವುದಕ್ಕೆ ಇದೂ ಒಂದು ಕಾರಣ. ಕೊಂಡಿಯನ್ನು ಜೋಡಿಸುವಾಗಲೇ ಇಷ್ಟು ಡಿಬಿ ಮಳೆಯ ಪಾಲಿಗೆ ಎಂದು ಮೀಸಲಿಡುತ್ತಾರೆ. ಈ ಮೀಸಲು ಉಳಿಯಬೇಕಾದರೆ ಎರಡು ಡಬರಿಗಳು ಮುಖಾಮುಖಿ ಕೂರಬೇಕು. ಇಲ್ಲೊಂದು ಹಳೆಯ ಬಲೆ ಇದೆ: ಡಬರಿಯ ಮುಖ್ಯ ಕಿರಣದ ಪಕ್ಕದಲ್ಲಿ ಸಣ್ಣ ಉಪಕಿರಣಗಳಿರುತ್ತವೆ. ರಿಗ್ಗರ್ ನಿಧಾನಕ್ಕೆ ತಿರುಗಿಸುತ್ತಾ ಹೋದಾಗ ಉಪಕಿರಣದ ಮೇಲೆ ಸಿಗ್ನಲ್ ಏರಿ ಮತ್ತೆ ಇಳಿಯುತ್ತದೆ. ಇದೇ ಶಿಖರ ಎಂದುಕೊಂಡು ಬೋಲ್ಟ್ ಬಿಗಿದರೆ ಕೊಂಡಿ ಬೇಸಿಗೆಯಲ್ಲಿ ನಡೆಯುತ್ತದೆ, ಮೊದಲ ಮುಂಗಾರಿನಲ್ಲಿ ಬೀಳುತ್ತದೆ. ಲೆಕ್ಕದಲ್ಲಿ -38 ಬರಬೇಕಾದಲ್ಲಿ -60 ಬರುತ್ತಿದೆ ಎಂದರೆ ಮತ್ತೆ ಹುಡುಕಬೇಕು ಎಂದು ಅರ್ಥ. ಅಳತೆ ಮಾಡಿದ ಅಂಕಿಯನ್ನು ಲೆಕ್ಕದ ಅಂಕಿಯ ಪಕ್ಕ ಇಟ್ಟು ನೋಡುವ ಶಿಸ್ತು ಇರುವ ತಂಡ ಈ ತಪ್ಪನ್ನು ಅಂದೇ ಹಿಡಿಯುತ್ತದೆ.

ಕರೆಂಟ್ ಹೋದ ಅರ್ಧ ಗಂಟೆಗೆ ಟವರೂ ಹೋಯಿತು ಎಂಬುದು ಹಳ್ಳಿಗಳ ನಿತ್ಯದ ದೂರು. ಹಳೆಯ ಬ್ಯಾಟರಿಯ ದೋಷ ಅದರಲ್ಲಿ ದೊಡ್ಡದು. ಆದರೆ ಇಲ್ಲೂ ಸೆಟ್ಟಿಂಗ್ ಮಾಡುವವರ ಕೈಯಲ್ಲಿ ಒಂದಿಷ್ಟು ಇದೆ. ಟವರುಗಳು 48 ವೋಲ್ಟ್ ಬ್ಯಾಟರಿ ವ್ಯವಸ್ಥೆಯ ಮೇಲೆ ನಡೆಯುತ್ತವೆ. ವೋಲ್ಟೇಜ್ ಒಂದು ಮಟ್ಟಕ್ಕಿಂತ ಇಳಿದಾಗ ಬ್ಯಾಟರಿ ಹಾಳಾಗದಂತೆ ಸಂಪರ್ಕ ತಾನೇ ಕಡಿಯುತ್ತದೆ. ಎಲ್ಲವನ್ನೂ ಒಟ್ಟಿಗೆ ಕಡಿಯದೆ ಮೊದಲು ಹೆಚ್ಚು ಕರೆಂಟು ತಿನ್ನುವ ಬ್ಯಾಂಡ್‌ಗಳನ್ನು ಆರಿಸಿ, ದೂರ ತಲುಪುವ ಕೆಳಗಿನ ಬ್ಯಾಂಡನ್ನೂ ಮುಂದಿನ ಊರಿಗೆ ಸಾಗಿಸುವ ಕೊಂಡಿಯನ್ನೂ ಕೊನೆಯವರೆಗೆ ಉಳಿಸುವಂತೆ ಹಂತಗಳನ್ನು ಬರೆದಿಡಬಹುದು. ಒಂದು ಟವರ್ ಆರಿದರೆ ಅದರ ಬೆನ್ನಿಗೆ ಕೊಂಡಿಯಾಗಿರುವ ನಾಲ್ಕು ಊರು ಕತ್ತಲಾಗುವ ಕಡೆ ಈ ಹಂತಗಳು ಜೀವ ಉಳಿಸುವ ಸಂಗತಿ. ಆಂಬುಲೆನ್ಸ್‌ಗೆ ಹೋಗಬೇಕಾದ ಕರೆ ಅದೇ ರಾತ್ರಿ ಇರಬಹುದು.

ಟವರಿನ ಶಕ್ತಿಗೆ ಕಾನೂನಿನ ಬೇಲಿಯೂ ಇದೆ. 2012ರ ಸೆಪ್ಟೆಂಬರ್ 1ರಿಂದ ಭಾರತ ತನ್ನ ಟವರುಗಳ ವಿಕಿರಣ ಮಿತಿಯನ್ನು ಅಂತರರಾಷ್ಟ್ರೀಯ ಶಿಫಾರಸಿನ ಹತ್ತನೇ ಒಂದು ಪಾಲಿಗೆ ಇಳಿಸಿತು. 900 ಮೆಗಾಹರ್ಟ್ಸ್‌ನಲ್ಲಿ ಅದು ಚದರ ಮೀಟರಿಗೆ 0.45 ವ್ಯಾಟ್. ಕಂಪನಿಗಳು ತಮ್ಮ ಸೈಟಿನ ಎತ್ತರ, ಶಕ್ತಿ, ಟಿಲ್ಟ್ ಎಲ್ಲವನ್ನೂ ಲೆಕ್ಕ ಹಾಕಿ ಮಿತಿಯೊಳಗಿದ್ದೇವೆ ಎಂದು ದೂರಸಂಪರ್ಕ ಇಲಾಖೆಗೆ ಪ್ರಮಾಣಪತ್ರ ಕೊಡಬೇಕು. ಸಾರ್ವಜನಿಕರು ತಮ್ಮ ಸುತ್ತಲಿನ ಟವರುಗಳನ್ನು ನೋಡಲು 2017ರಲ್ಲಿ ತರಂಗ್ ಸಂಚಾರ್ ಎಂಬ ಜಾಲತಾಣ ಶುರುವಾಯಿತು. ಟವರ್ ಬೇಡವೆಂದು ಹೋರಾಡುವ ಬಡಾವಣೆಗಳು ಒಂದು ಸಂಗತಿಯನ್ನು ಗಮನಿಸಬೇಕು. ಟವರ್ ದೂರವಾದಷ್ಟೂ ಫೋನ್ ತನ್ನ ಶಕ್ತಿಯನ್ನು ಹೆಚ್ಚಿಸಿಕೊಳ್ಳುತ್ತದೆ. ಹತ್ತಿರದ ಟವರಿನೊಡನೆ ಪಿಸುಗುಡುವ ಫೋನು ದೂರದ ಟವರನ್ನು ತಲುಪಲು ಪೂರ್ತಿ 200 ಮಿಲಿವ್ಯಾಟ್ ಬಳಸುತ್ತದೆ, ಅದೂ ಕಿವಿಯ ಪಕ್ಕದಲ್ಲಿ.

ಇಷ್ಟೆಲ್ಲ ಅಂಕಿಗಳು ಸರಿಯಾಗಿವೆಯೇ ಎಂದು ತಿಳಿಯುವುದು ಹೇಗೆ? ಲೆಕ್ಕದ ಸೂತ್ರಗಳಿವೆ. ಜಪಾನಿನ ಒಕುಮುರಾ ಮತ್ತು ಸಂಗಡಿಗರು ಟೋಕಿಯೋ ಸುತ್ತಮುತ್ತ ಊರೂರು ಅಲೆದು ಸಿಗ್ನಲ್ ಅಳೆದು 1968ರಲ್ಲಿ ಪ್ರಕಟಿಸಿದ ನಕ್ಷೆಗಳನ್ನು ಹಾತಾ ಎಂಬವರು 1980ರಲ್ಲಿ ಸೂತ್ರಕ್ಕೆ ಇಳಿಸಿದರು. ಜಗತ್ತಿನ ಎಷ್ಟೋ ಮೊಬೈಲ್ ಜಾಲಗಳ ಮೊದಲ ನಕ್ಷೆ ಬರೆದದ್ದು ಈ ಸೂತ್ರ. ಆದರೆ ಟೋಕಿಯೋದ ಅಳತೆಗೆ ಕೊಡಗಿನ ಕಾಫಿ ತೋಟದ ನೆರಳಿನ ಮರಗಳೂ ಗೊತ್ತಿಲ್ಲ, ಕಲಬುರಗಿಯ ಕಲ್ಲುಗೋಡೆಯ ಮನೆಗಳೂ ಗೊತ್ತಿಲ್ಲ. ಆದ್ದರಿಂದ ಡ್ರೈವ್ ಟೆಸ್ಟ್ ನಡೆಯುತ್ತದೆ. ಕಾರಿನಲ್ಲಿ ನಾಲ್ಕೈದು ಫೋನು, ಒಂದು ಜಿಪಿಎಸ್, ಒಂದು ಲ್ಯಾಪ್‌ಟಾಪ್ ಇಟ್ಟುಕೊಂಡು ಬೀದಿ ಬೀದಿ ಸುತ್ತುತ್ತಾ ಸಿಗ್ನಲ್, ಸೈನರ್, ಹ್ಯಾಂಡೋವರ್ ಎಲ್ಲವನ್ನೂ ದಾಖಲಿಸುವ ಕೆಲಸ. ನಕ್ಷೆಯ ಮೇಲೆ ಹಸಿರು, ಹಳದಿ, ಕೆಂಪು ಚುಕ್ಕೆಗಳು ಮೂಡುತ್ತವೆ. ಉತ್ತರದ ರಸ್ತೆಯಲ್ಲಿ ದಕ್ಷಿಣದ ಸೆಕ್ಟರಿನ ಸಂಖ್ಯೆ ಕಾಣುತ್ತಿದ್ದರೆ ಟವರಿನ ಮೇಲೆ ಎರಡು ಕೇಬಲ್ ಅದಲು ಬದಲಾಗಿವೆ ಎಂದು ಅನುಭವಿಗಳು ಕೂತಲ್ಲೇ ಹೇಳುತ್ತಾರೆ.

ಈಗೀಗ ಜನರ ಫೋನುಗಳೇ ಕಳಿಸುವ ವರದಿಗಳಿಂದ, ತಾವೇ ತಿದ್ದಿಕೊಳ್ಳುವ ತಂತ್ರಾಂಶಗಳಿಂದ ಈ ಅಲೆದಾಟ ಕಡಿಮೆಯಾಗುತ್ತಿದೆ. ಅದು ಒಳ್ಳೆಯದೇ, ಒಂದು ಅಪಾಯದೊಡನೆ. ಸಿಗ್ನಲ್ಲೇ ಇಲ್ಲದ ಜಾಗದಲ್ಲಿರುವ ಫೋನು ಅಲ್ಲಿಂದಲೇ ವರದಿ ಕಳಿಸಲಾರದು. ಹತ್ತು ಮನೆಯ ಹಳ್ಳಿಯಿಂದ ಬರುವ ವರದಿ ಹತ್ತು ಸಾವಿರ ಜನರ ಬಡಾವಣೆಯ ವರದಿಯಡಿ ಹೂತುಹೋಗುತ್ತದೆ. ಅಲ್ಲಿಗೆ ಯಾರಾದರೂ ಅಳೆಯುವ ಉಪಕರಣ ಹಿಡಿದು ಹೋಗಲೇಬೇಕು.

2021ರ ಜೂನ್ ತಿಂಗಳಲ್ಲಿ ಸುಳ್ಯ ತಾಲ್ಲೂಕಿನ ಒಂದು ಚಿತ್ರವನ್ನು ಇಡೀ ದೇಶ ನೋಡಿತು. ಸುರಿವ ಮಳೆಯಲ್ಲಿ ರಸ್ತೆಯಂಚಿನಲ್ಲಿ ಕುಳಿತು ಆನ್‌ಲೈನ್ ಪಾಠ ಕೇಳುತ್ತಿರುವ ಮಗಳು, ಅವಳಿಗೆ ಕೊಡೆ ಹಿಡಿದು ನಿಂತ ತಂದೆ. ನೆಟ್‌ವರ್ಕ್ ಸಿಗುವ ಜಾಗ ಅದೊಂದೇ ಆಗಿತ್ತು. ನೆಟ್‌ವರ್ಕ್ ಇಲ್ಲದಿದ್ದರೆ ಮತವೂ ಇಲ್ಲ ಎಂಬ ಫಲಕಗಳು ಶಿವಮೊಗ್ಗದ ಹಳ್ಳಿಗಳಲ್ಲಿ ಎದ್ದದ್ದೂ ಆ ವರ್ಷಗಳಲ್ಲೇ. ಬಳಿಕ 2022ರ ಜುಲೈನಲ್ಲಿ ಕೇಂದ್ರ ಸಂಪುಟ 24,680 ಹಳ್ಳಿಗಳಿಗೆ 4ಜಿ ತಲುಪಿಸಲು 26,316 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. 2025ರ ಸೆಪ್ಟೆಂಬರ್ 27ರಂದು ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿ ಜಾಲ 97,500ಕ್ಕೂ ಹೆಚ್ಚು ಟವರುಗಳೊಡನೆ ಲೋಕಾರ್ಪಣೆಯಾಯಿತು. ಅದರ ರೇಡಿಯೊಗಳನ್ನು ಒದಗಿಸಿದ್ದು ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್. ಕನ್ನಡ ನೆಲದಲ್ಲಿ ರೂಪುಗೊಂಡ ಉಪಕರಣ ದೇಶದ ಮೂಲೆ ಮೂಲೆಯ ಗುಡ್ಡ ಏರಿದ್ದು ಹೆಮ್ಮೆಯ ಮಾತು. ಆ ಜಾಲ ಬಳಸುವ 700 ಮೆಗಾಹರ್ಟ್ಸ್ ಬ್ಯಾಂಡ್ ಹಳ್ಳಿಗಾಡಿಗೆ ಹೇಳಿ ಮಾಡಿಸಿದ್ದು. ಅಷ್ಟೇ ದೂರಕ್ಕೆ 5ಜಿಯ 3,300 ಮೆಗಾಹರ್ಟ್ಸ್ ಸಿಗ್ನಲ್ ಬಯಲಿನಲ್ಲೂ 13 ಡಿಬಿ ಹೆಚ್ಚು ಸೊರಗುತ್ತದೆ, ಮರ ಗೋಡೆಗಳ ನಡುವೆ ಇನ್ನೂ ಹೆಚ್ಚು.

ಟವರುಗಳ ಸಂಖ್ಯೆಯ ಜೊತೆಗೆ ಇನ್ನು ಕೇಳಬೇಕಾದ ಲೆಕ್ಕ ಬೇರೆ ಇದೆ. ಎಷ್ಟು ಸೈಟುಗಳ ಟಿಲ್ಟ್ ಮತ್ತು ಅಜಿಮತ್ ಅನ್ನು ಆ ಊರಿನ ರಸ್ತೆಯಲ್ಲಿ ಅಳೆದು ತಿದ್ದಲಾಗಿದೆ, ಮಳೆಗಾಲ ಕಳೆದ ಮೇಲೆ ಮತ್ತೆ ಯಾರು ಹೋಗಿ ನೋಡಿದರು ಎಂಬುದು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ನಡೆಸುವ ಡ್ರೈವ್ ಟೆಸ್ಟ್‌ಗಳು ನಗರಗಳನ್ನೂ ಹೆದ್ದಾರಿಗಳನ್ನೂ ಬಿಟ್ಟು ಗ್ರಾಮ ಪಂಚಾಯಿತಿ ರಸ್ತೆಗಳಿಗೂ ಹೆಚ್ಚು ಹೆಚ್ಚು ಇಳಿಯಬೇಕು. 2024ರ ಸೇವಾ ಗುಣಮಟ್ಟ ನಿಯಮಗಳ ಪ್ರಕಾರ ಕಂಪನಿಗಳು ತಮ್ಮ ವ್ಯಾಪ್ತಿಯ ನಕ್ಷೆಯನ್ನು ಜಾಲತಾಣದಲ್ಲಿ ಪ್ರಕಟಿಸಬೇಕು. ಆ ನಕ್ಷೆಯಲ್ಲಿ ಬಣ್ಣ ಬಳಿದಿರುವ ಜಾಗದಲ್ಲಿ ನಿಜಕ್ಕೂ ಸಿಗ್ನಲ್ ಇದೆಯೇ ಎಂದು ನೋಡಬಲ್ಲವರು ಅಲ್ಲಿ ಬದುಕುವ ಜನರೇ.

ಅದಕ್ಕೆ ಬೇಕಾದ ಮಾಪಕ ಎಲ್ಲರ ಜೇಬಿನಲ್ಲೂ ಇದೆ. ಹೆಚ್ಚಿನ ಆಂಡ್ರಾಯ್ಡ್ ಫೋನುಗಳ ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಫೋನ್, ಅಲ್ಲಿಂದ ಸಿಮ್ ಸ್ಟೇಟಸ್ ತೆರೆದರೆ ಡಿಬಿಎಂ ಅಂಕಿ ಕಾಣುತ್ತದೆ. ಐಫೋನಿನಲ್ಲಿ *3001#12345#* ಒತ್ತಿ ಕರೆ ಗುಂಡಿ ಮುಟ್ಟಬೇಕು. ಮನೆಯ ಒಳಗೆ, ಅಂಗಳದಲ್ಲಿ, ಶಾಲೆಯ ಬಳಿ, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಆ ಅಂಕಿಯನ್ನು ಬರೆದಿಟ್ಟುಕೊಳ್ಳಿ. ಕಂಪನಿಯ ದೂರು ಸಂಖ್ಯೆ 198ಕ್ಕೆ ಕರೆ ಮಾಡಿದಾಗ ನೆಟ್‌ವರ್ಕ್ ಸರಿಯಿಲ್ಲ ಎಂದಷ್ಟೇ ಹೇಳಬೇಡಿ. ಇಂಥ ಊರಿನ ಇಂಥ ಜಾಗದಲ್ಲಿ, ಇಂಥ ಹೊತ್ತಿನಲ್ಲಿ, 4ಜಿ ಸಿಗ್ನಲ್ -117 ಇದೆ ಎಂದು ಹೇಳಿ. ಅಥವಾ -85 ಇದ್ದೂ ಕರೆ ಕಡಿಯುತ್ತಿದೆ ಎಂದು ಹೇಳಿ. ಮೊದಲನೆಯದು ವ್ಯಾಪ್ತಿಯ ದೂರು, ಎರಡನೆಯದು ಬಹುತೇಕ ಗದ್ದಲದ್ದೋ ಸೆಟ್ಟಿಂಗಿನದ್ದೋ ದೂರು. ಎರಡಕ್ಕೂ ಹೋಗಬೇಕಾದ ತಂಡ, ಮಾಡಬೇಕಾದ ಕೆಲಸ ಬೇರೆ. ದೂರಿನ ಸಂಖ್ಯೆಯನ್ನು ಬರೆದುಕೊಳ್ಳಿ, ಬಗೆಹರಿಯದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಿ, ಊರಿನ ಹತ್ತು ಮನೆಗಳ ಅಂಕಿಗಳನ್ನು ಒಟ್ಟು ಸೇರಿಸಿ ಪಂಚಾಯಿತಿಯ ಮೂಲಕವೂ ಕಳಿಸಿ.